ಕೈಗೊಂದು ಕೆಲಸ: ಮಹಾರಾಷ್ಟ್ರ ಕೊಟ್ಟ ಮಾತು

ಬರಗಾಲ ಬಂದಾಗ ಜನರು ಆಕಾಶವನ್ನು ದೂರುವುದು ವಾಡಿಕೆ. ಆದರೆ ಮಳೆ ತಪ್ಪಿದ ಮೇಲೆ ಉಳಿಯುವವರೆಷ್ಟು, ಅಳಿಯುವವರೆಷ್ಟು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಸರ್ಕಾರವು ನೆರವು ನೀಡುವ ಕ್ರಮವೇ ಆಗಿದೆ. ಈ ಮಾತಿಗೆ ಕನ್ನಡನಾಡಿನ ಚರಿತ್ರೆಯೇ ಸಾಕ್ಷಿ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮಕ್ಕೆ ಮುನ್ನ, 1871ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಅಂದು ನೆರವು ಇರಲೇ ಇಲ್ಲವೆಂದಲ್ಲ, ಅದು ಸಾಲದಾಗಿತ್ತು. ನೆರೆಯ ಮದರಾಸು ಪ್ರಾಂತದಲ್ಲಿ ವೆಚ್ಚವನ್ನು ತಗ್ಗಿಸಲೆಂದು ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದರು. ಇಷ್ಟು ಅನ್ನದಲ್ಲಿ ಮಣ್ಣು ಹೊರುವವನ ದೇಹ ನಿಲ್ಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಜನರ ಶಕ್ತಿ ಉಡುಗುವ ಮುನ್ನವೇ ಕೆಲಸ ತೆರೆಯಬೇಕು, ದುಡಿಯಲಾರದ ಅಶಕ್ತರಿಗೆ ಅವರ ಹಳ್ಳಿಯಲ್ಲಿಯೇ ಉಚಿತವಾಗಿ ನೆರವು ಒದಗಿಸಬೇಕು ಎಂಬ ಪಾಠವನ್ನು 1880ರ ಕ್ಷಾಮ ಆಯೋಗವು ಬರೆದಿಟ್ಟಿತು.

ಆದರೂ ಕೆಲಸ ತೆರೆಯುವುದು, ಬಿಡುವುದು ಅಧಿಕಾರಿಗಳ ಇಚ್ಛೆಗೆ ಸೇರಿದ ವಿಷಯವಾಗಿಯೇ ಉಳಿಯಿತು. ಈ ಇಚ್ಛೆಯನ್ನು ಕರ್ತವ್ಯವನ್ನಾಗಿ ಮಾರ್ಪಡಿಸಬೇಕೆಂದು ಪಟ್ಟು ಹಿಡಿದವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಶ್ರೀ ವಿ. ಎಸ್. ಪಾಗೆಯವರು. 1965ರಲ್ಲಿ ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲಿ ಈ ವಿಚಾರದ ಪ್ರಯೋಗ ನಡೆಯಿತು. 1972ರಲ್ಲಿ ಉದ್ಯೋಗ ಖಾತ್ರಿ ಯೋಜನೆ ಹುಟ್ಟಿತು. ಆ ಹೊತ್ತಿಗೆ ರಾಜ್ಯವನ್ನು ಭೀಕರ ಬರ ಆವರಿಸಿತ್ತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನರು ಪರಿಹಾರ ಕಾಮಗಾರಿಗಳಲ್ಲಿ ಜಲ್ಲಿ ಒಡೆಯುತ್ತ, ಒಡ್ಡು ಹಾಕುತ್ತ, ಕೆರೆ ತೋಡುತ್ತ ಪ್ರಾಣ ಉಳಿಸಿಕೊಂಡರು.

ಖಾತ್ರಿಯ ಕಾನೂನು 1977ರಲ್ಲಿ ಅಂಗೀಕೃತವಾಗಿ, 1979ರ ಜನವರಿ 26ರಂದು ಜಾರಿಗೆ ಬಂದಿತು. ಅದರ ಏರ್ಪಾಡು ಸರಳವಾದುದು. ಹಳ್ಳಿಯ ಯಾವ ವಯಸ್ಕನಾದರೂ, ಗಂಡಾಗಲಿ ಹೆಣ್ಣಾಗಲಿ, ಕೆಲಸ ಬೇಡಿದರೆ 15 ದಿನಗಳೊಳಗೆ ಒದಗಿಸಬೇಕು. ಇಲ್ಲವಾದರೆ ನಿರುದ್ಯೋಗ ಭತ್ಯೆ ತೆರಬೇಕು. ಇದಕ್ಕಾಗಿ ಕಾಮಗಾರಿಗಳ ನಕ್ಷೆ, ಅಂದಾಜುಗಳು ಮೊದಲೇ ಸಿದ್ಧವಾಗಿರಬೇಕು. ಬಡವರು ಯಾರೆಂದು ಪಟ್ಟಿ ಮಾಡುವ ಗೋಜೇ ಇಲ್ಲ. ಸುಡುಬಿಸಿಲಿನಲ್ಲಿ ಗುದ್ದಲಿ ಹಿಡಿದು ಅಲ್ಪ ಕೂಲಿಗೆ ದುಡಿಯಲು, ಮನೆಯಲ್ಲಿ ಕಾಳುಕಡ್ಡಿ ಇದ್ದವರು ಬರುವುದಿಲ್ಲ. ಬಂದವರ ಅಗತ್ಯವನ್ನು ಯಾವ ಗೌಡನೂ ಪ್ರಮಾಣೀಕರಿಸಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂಬ ನಿಯಮವೂ ಇದ್ದಿತು. ಹೆಂಗಸರು ಬಹುಸಂಖ್ಯೆಯಲ್ಲಿ ಬಂದರು.

ಇಷ್ಟಕ್ಕೂ ಹಣ ಎಲ್ಲಿಂದ? ಇಲ್ಲಿಯೇ ಈ ಯೋಜನೆಯ ಮುಖ್ಯ ಸ್ವಾರಸ್ಯವಿದೆ. 1975ರಲ್ಲಿ ಮಹಾರಾಷ್ಟ್ರವು ವೃತ್ತಿ ತೆರಿಗೆಯನ್ನು ವಿಧಿಸಿತು. ಮುಂಬಯಿಯ ಕಚೇರಿಯ ಗುಮಾಸ್ತನ ಸಂಬಳದಿಂದ ತಿಂಗಳು ತಿಂಗಳೂ ಮುರಿದುಕೊಂಡ ಕೆಲವು ರೂಪಾಯಿಗಳು, ಅವನು ಕಂಡರಿಯದ ಹಳ್ಳಿಯೊಂದರಲ್ಲಿ ಕೂಲಿಯಾಗಿ ಸಂದವು. ಇತರ ಕೆಲವು ತೆರಿಗೆಗಳ ಹಣವನ್ನೂ ಸೇರಿಸಿ, ಅಷ್ಟೇ ಮೊತ್ತವನ್ನು ಸರ್ಕಾರವೂ ತನ್ನ ಬೊಕ್ಕಸದಿಂದ ಕೂಡಿಸಬೇಕಾಗಿತ್ತು. ಹಳ್ಳಿಯಲ್ಲಿ ಕೆಲಸವಿದ್ದರೆ ಹಸಿದ ಸಂಸಾರಗಳು ಗುಳೆ ಎದ್ದು ನಗರ ಸೇರುವುದು ಕಡಮೆಯಾದೀತು ಎಂಬ ಲೆಕ್ಕಾಚಾರವೂ ನಗರದವರಿಗೆ ಇದ್ದಿತು.

ಆದರೆ ಖಾತ್ರಿಯ ಮಾತನ್ನು ಉಳಿಸಿಕೊಳ್ಳುವುದು ಕಾನೂನು ಬರೆಯುವಷ್ಟು ಸುಲಭವಲ್ಲ. 1988ರಲ್ಲಿ ಕನಿಷ್ಠ ಕೃಷಿ ಕೂಲಿ ಇಮ್ಮಡಿಯಾದಾಗ ಯೋಜನೆಯ ಕೂಲಿಯೂ ಅದರೊಡನೆ ಏರಿತು. ಕೂಲಿ ಏರಿಸಿದ್ದು ನ್ಯಾಯವೇ. ಆದರೆ ಅದಕ್ಕೆ ತಕ್ಕಷ್ಟು ಹಣ ಒದಗಲಿಲ್ಲ. ಕಾಮಗಾರಿಗಳು ಕುಗ್ಗಿದವು, ಕೇಳಿದವರಿಗೆಲ್ಲ ಕೆಲಸವಿಲ್ಲದಾಯಿತು. ಕಾನೂನಿನ ಪುಸ್ತಕದಲ್ಲಿ ಹಕ್ಕು ಹಾಗೆಯೇ ಇದ್ದರೂ, ಕೆಲಸ ಕೇಳಿ ಬಂದವರು ಬರಿಗೈಯಲ್ಲಿ ಮರಳಬೇಕಾಯಿತು.

ಈ ಅನುಭವವನ್ನು ಕಂಡೇ ಸಂಸತ್ತು 2005ರಲ್ಲಿ ರಾಷ್ಟ್ರಕ್ಕೆಲ್ಲ ಅನ್ವಯಿಸುವ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆಯನ್ನು ಅಂಗೀಕರಿಸಿತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯಿತ್ತ ಈ ಕಾಯಿದೆ, 2006ರ ಫೆಬ್ರವರಿ 2ರಂದು 200 ಜಿಲ್ಲೆಗಳಲ್ಲಿ ಆರಂಭವಾಯಿತು. ಕರ್ನಾಟಕದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಅವುಗಳಲ್ಲಿ ಸೇರಿದ್ದವು. ಕೆಲಸ ಕೊಡಲು ಇದ್ದಂತೆಯೇ ಕೂಲಿ ಕೊಡಲೂ 15 ದಿನಗಳ ಗಡುವು ಬಂದಿತು. ಹಾಜರಿ ಪಟ್ಟಿಯ ಸುಳ್ಳನ್ನು ಊರವರೇ ಗ್ರಾಮಸಭೆಯಲ್ಲಿ ಬಯಲಿಗೆಳೆಯಲೆಂದು ಸಾಮಾಜಿಕ ಲೆಕ್ಕ ತಪಾಸಣೆಯೂ ಸೇರಿತು. ಆದರೂ ಹಲವೆಡೆ ಕೂಲಿ ಗಡುವು ಮೀರಿ ಕೈಸೇರಿತು.

ನಗರದ ಸಂಬಳದಾರನಿಗೆ ಸಂಬಳ ಎರಡು ವಾರ ತಡವಾದರೆ ಕಿರಾಣಿ ಅಂಗಡಿಯವನು ಸಾಲ ಬರೆದುಕೊಂಡಾನು. ಬರದ ಹಳ್ಳಿಯಲ್ಲಿ ಮಣ್ಣು ಹೊತ್ತವಳಿಗೆ ಅಂಥ ಅಂಗಡಿ ಇರುವುದಿಲ್ಲ. ಖಾತ್ರಿ ಯೋಜನೆಯ ಯೋಗ್ಯತೆಯನ್ನು ಅಳೆಯಬೇಕಾದವರು ಮೊದಲು ನೋಡಬೇಕಾದುದು ಅವಳ ಕೂಲಿ ಯಾವ ದಿನ ಅವಳ ಕೈ ಸೇರಿತು ಎಂಬುದನ್ನು.