ಮುಖ ಕಾಣದ ಗಿರಾಕಿಯ ವಿಶ್ವಾಸ

ಆನ್‌ಲೈನ್ ವ್ಯಾಪಾರದಲ್ಲಿ ಸಾಮಾನ್ಯವಾಗಿ ಹಣ ಮೊದಲು ಹೋಗುತ್ತದೆ, ಸರಕು ಆಮೇಲೆ ಬರುತ್ತದೆ. ಕೊಳ್ಳುವವರಿಗೆ ಸರಕನ್ನು ಮುಟ್ಟಿ ನೋಡುವ ಅವಕಾಶವಿಲ್ಲ, ಮಾರುವವರ ಪರಿಚಯವೂ ಇಲ್ಲ. ಹಾಗಾಗಿ ದೊಡ್ಡ ಕಂಪನಿಯ ಆಸರೆಯಿಲ್ಲದೆ ಮನೆಯಿಂದಲೇ ಮಾರುವವರಿಗೆ ಒಳ್ಳೆಯ ಹೆಸರೇ ಬಂಡವಾಳ.

ಈ ಹೆಸರನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ಬಳಕೆಗೆ ತಂದ ಮೊದಲ ತಾಣಗಳಲ್ಲಿ ಅಮೆರಿಕದ ಇಬೇ ಒಂದು. ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ ಈ ಹರಾಜು ತಾಣದಲ್ಲಿ, ವ್ಯವಹಾರ ಮುಗಿದ ಮೇಲೆ ಕೊಂಡವರೂ ಮಾರಿದವರೂ ಪರಸ್ಪರ ಅಂಕ ಕೊಡುತ್ತಿದ್ದರು. ಆ ಅಂಕಗಳಿಗೆ ಎಷ್ಟು ಬೆಲೆಯಿದೆ ಎಂದು ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಹಳೆಯ ಕಾಲದ ಚಿತ್ರ ಅಂಚೆಕಾರ್ಡುಗಳನ್ನು ಅನುಭವಿ ಮಾರಾಟಗಾರನೊಬ್ಬ ತನ್ನ ಹೆಸರುವಾಸಿ ಖಾತೆಯಿಂದಲೂ, ಆಗಷ್ಟೇ ತೆರೆದ ಹೊಸ ಖಾತೆಗಳಿಂದಲೂ ಮಾರಿದ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಳೆಯ ಖಾತೆಗೆ ಗಿರಾಕಿಗಳು ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ತಯಾರಿದ್ದರು. ಮನುಷ್ಯ ಅವನೇ, ಸರಕೂ ಅಂಥದ್ದೇ. ಆದರೆ ಪದ್ಧತಿಯಲ್ಲಿ ಹುಳುಕೂ ಇತ್ತು. ಕೆಟ್ಟ ಅಂಕ ಕೊಟ್ಟ ಗಿರಾಕಿಗೆ ಮಾರಾಟಗಾರರು ಸೇಡಿಗೆಂದು ಕೆಟ್ಟ ಅಂಕವನ್ನೇ ಹಿಂದಿರುಗಿಸತೊಡಗಿದರು. 2008ರಲ್ಲಿ ಇಬೇ ಮಾರಾಟಗಾರರಿಂದ ಆ ಅಧಿಕಾರವನ್ನೇ ಕಿತ್ತುಕೊಂಡಿತು.

ಇನ್ನೊಂದು ಪಿಡುಗು ಕಾಸು ಕೊಟ್ಟು ಬರೆಸುವ ಹೊಗಳಿಕೆ. ಮಾರಾಟಗಾರರು ಗಿರಾಕಿಯ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು ಭಾರತದ 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಮಾನದಂಡವನ್ನೂ ಹೊರಡಿಸಿದೆ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳಲ್ಲಿ ಸೀರೆ ಮಾರುವವರಿಗೆ ಈ ಅಂಕಗಳ ಲೆಕ್ಕವೂ ಇಲ್ಲ. ಅಲ್ಲಿ ಹೆಸರು ಬರುವುದು ಸರಕಿನ ಬಗ್ಗೆ ಕೊಡುವ ಮಾಹಿತಿಯಿಂದ. ಇಳಕಲ್ ಸೀರೆಯನ್ನೇ ನೋಡಬಹುದು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿಯದೋ, ರೇಷ್ಮೆಯದೋ, ಆರ್ಟ್ ಸಿಲ್ಕಿನದೋ; ನೇಯ್ದದ್ದು ಕೈಮಗ್ಗದಲ್ಲೋ, ವಿದ್ಯುತ್ ಮಗ್ಗದಲ್ಲೋ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಫೋಟೋದಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ವಿದ್ಯುತ್ ಮಗ್ಗದ ಸೀರೆಯನ್ನು ಹಾಗೆಂದೇ ಹೇಳಿ ಮಾರುವವರ ಕೈಮಗ್ಗದ ಸೀರೆಯನ್ನೂ ಜನ ನಂಬುತ್ತಾರೆ. ಕೊಂಡಿಯನ್ನು ಹತ್ತಿರದಿಂದ ತೋರಿಸುವ ವಿಡಿಯೊ, ಬಿಸಿಲಲ್ಲಿ ತೆಗೆದ ಚಿತ್ರ, ವಾಪಸಾತಿಯ ಷರತ್ತು ಎಲ್ಲವೂ ಹಣ ಕೇಳುವ ಮೊದಲೇ ಗಿರಾಕಿಯ ಮುಂದಿರಬೇಕು. ‘ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ’ ಎಂಬ ರೂಢಿ ಮುಖ ನೋಡಿ ಮಣೆ ಹಾಕುತ್ತಾರೆಂಬ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ.

ಬಾಯಿಮಾತಿಗಿಂತ ಪರೀಕ್ಷಿಸಿ ನೋಡಬಹುದಾದ ಗುರುತಿಗೆ ತೂಕ ಹೆಚ್ಚು. ಚಟ್ನಿಪುಡಿ, ಉಪ್ಪಿನಕಾಯಿ ಮಾರುವವರ ಪೊಟ್ಟಣದ ಮೇಲಿನ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಯಾರು ಬೇಕಾದರೂ ಆನ್‌ಲೈನಿನಲ್ಲೇ ತಾಳೆ ನೋಡಬಹುದು. ಜಿಎಸ್‌ಟಿ ಸಂಖ್ಯೆಯೂ ಹಾಗೆಯೇ. ಖಾತೆಯ ಹೆಸರು, ಫೋನ್ ನಂಬರು ವರ್ಷಗಟ್ಟಲೆ ಬದಲಾಗದಿರುವುದೂ ಒಂದು ಸಾಕ್ಷಿಯೇ. ಮೋಸಗಾರರು ಒಂದೇ ಹೆಸರಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಖಾತೆ ಕಳ್ಳರ ಪಾಲಾದರೆ ಗಳಿಸಿದ ಹೆಸರೂ ಅದರೊಂದಿಗೆ ಹೋಗುವುದರಿಂದ ಎರಡು ಹಂತದ ದೃಢೀಕರಣ ಇಟ್ಟುಕೊಳ್ಳುವುದು ಅಗತ್ಯ.

ಹೆಸರು ನಿಜವಾಗಿ ಪರೀಕ್ಷೆಗೆ ಬೀಳುವುದು ದೂರು ಬಂದಾಗ. ಬಣ್ಣ ಬಿಟ್ಟ ಸೀರೆಯ ಚಿತ್ರ ಕಳಿಸಿದ ಗಿರಾಕಿಯನ್ನು ಬ್ಲಾಕ್ ಮಾಡುವುದು ಸುಲಭ. ಆದರೆ ಆಕೆ ಅದೇ ಚಿತ್ರವನ್ನು ತನ್ನ ಊರಿನ, ಬಳಗದ ಗುಂಪುಗಳಿಗೆಲ್ಲ ಕಳಿಸುತ್ತಾಳೆ. ತಪ್ಪು ತಮ್ಮದಾದರೆ ಸಾಗಣೆ ವೆಚ್ಚವನ್ನೂ ತಾವೇ ಭರಿಸಿ ಬದಲಿಸಿಕೊಡುವವರಿಗೆ ಒಂದು ಸೀರೆಯ ಲಾಭ ಹೋಗಬಹುದು, ಗಿರಾಕಿ ಉಳಿಯುತ್ತಾಳೆ. ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿ ಬಗೆಹರಿಯದಿದ್ದರೆ ಗಿರಾಕಿಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.