ಮೋಟಾರಿನ ಸಂಧಿವಿಚ್ಛೇದ

ವ್ಯಾಕರಣದಲ್ಲಿ ಸಂಧಿಯನ್ನು ಬಿಡಿಸುವವನು, ಪದಗಳೆರಡೂ ಯಾವ ಬಗೆಯಿಂದ ಕೂಡಿದವೆಂಬುದನ್ನು ಮೊದಲು ತಿಳಿಯಬೇಕು. ತಿಳಿಯದೆ ಎಳೆದಾಡಿದರೆ ಎರಡೂ ಕೆಡುವುವು. ಮೋಟಾರು ಗಾಡಿಯ ಸಂಧಿಗಳಿಗೂ ಈ ನಿಯಮವೇ ಸಲ್ಲುತ್ತದೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಬಹಳ ಮೊದಲೇ ನಿಂತಿತ್ತು. ಆದರೂ ತಂದೆಯ ಕಾಲದ ಗಾಡಿಯನ್ನು ಮಾರಲೊಲ್ಲದೆ ಕಾಪಾಡಿಕೊಂಡು ಬಂದಿರುವ ಮನೆಗಳು ನಮ್ಮಲ್ಲಿ ಉಂಟು. ಅಂತಹ ಗಾಡಿಯ ಮುಂಗಾಲಿಗಳ ಸಂಧಿಗಳು ಸವೆದಾಗ ಅವನ್ನು ಬಿಚ್ಚಿ ಹೊಸವನ್ನು ಕೂಡಿಸಬೇಕಾಗುತ್ತದೆ. ಹಟಹಿಡಿದ ಸಂಧಿಯ ಮೇಲೆ ಗ್ಯಾರೇಜಿನಲ್ಲಿ ಸುತ್ತಿಗೆ ಹೇಗೆ ಬೀಳುತ್ತದೆಂಬುದನ್ನು ಅವಲಂಬಿಸಿ ಗಾಡಿಯ ಆಯುಸ್ಸು ಮಾತ್ರವಲ್ಲ, ಅದರಲ್ಲಿ ಕುಳಿತವರ ಆಯುಸ್ಸೂ ನಿಂತಿದೆ. ಆದಕಾರಣ ಗೃಹಸ್ಥನು ಸ್ವತಃ ಸುತ್ತಿಗೆ ಹಿಡಿಯದಿದ್ದರೂ ಈ ಕೆಲಸದ ಮರ್ಮವನ್ನು ಅರಿತಿರುವುದು ಒಳ್ಳೆಯದು.

ಸ್ಟಿಯರಿಂಗ್ ಚಕ್ರದ ಚಲನೆಯನ್ನು ಗಾಲಿಗೆ ಒಯ್ಯುವುದು ಟೈ ರಾಡ್ ಎಂಬ ಸರಳು. ಅದರ ತುದಿಯಲ್ಲಿ, ನಮ್ಮ ಭುಜದ ಕೀಲಿನಲ್ಲಿರುವಂತೆ, ಒಂದು ಬಟ್ಟಲೂ ಅದರೊಳಗೆ ಆಡುವ ಉಕ್ಕಿನ ಗುಂಡೂ ಇರುತ್ತವೆ. ಗುಂಡಿನಿಂದ ಹೊರಟ ಗೂಟವು ಬುಡದಲ್ಲಿ ದಪ್ಪ, ತುದಿಯ ಕಡೆಗೆ ಸಣ್ಣ. ಅದು ಕೂರುವ ತೋಳಿನ ಕಣ್ಣೂ ಅದೇ ಇಳಿಜಾರಿನಲ್ಲಿ ಕೊರೆಯಲ್ಪಟ್ಟಿರುತ್ತದೆ. ಈ ಇಳಿಜಾರು ಬಲು ಅಲ್ಪ. ಸಾಮಾನ್ಯವಾಗಿ 8 ಅಥವಾ 10 ಅಂಗುಲ ಉದ್ದಕ್ಕೆ ವ್ಯಾಸವು 1 ಅಂಗುಲ ಕುಗ್ಗುವ ಪ್ರಮಾಣ. ತುದಿಯ ನಟ್ಟನ್ನು ಬಿಗಿದಂತೆಲ್ಲ ಗೂಟವು ಬೆಣೆಯಂತೆ ಕಣ್ಣಿನೊಳಕ್ಕೆ ಸೇರಿ, ಘರ್ಷಣೆಯ ಬಲದಿಂದಲೇ ಕಚ್ಚಿಕೊಳ್ಳುತ್ತದೆ. ಬಳಿಕ ನಟ್ಟನ್ನು ತೆಗೆದರೂ ಗೂಟವು ಸುಲಭವಾಗಿ ಹೊರಬಾರದು. ಇದು ದೋಷವಲ್ಲ, ಗುಣವೇ ಸರಿ. ರಸ್ತೆಯ ಕುಲುಕಾಟಕ್ಕೆ ಸಂಧಿ ಸಡಿಲವಾಗಬಾರದಷ್ಟೆ. ಆದರೆ ವರ್ಷಗಳು ಕಳೆದಂತೆ ನೀರು ಸೇರಿ ತುಕ್ಕು ಹುಟ್ಟುತ್ತದೆ. ತುಕ್ಕು ತನ್ನನ್ನು ಹೆತ್ತ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಹಿಡಿತವು ಇನ್ನಷ್ಟು ಬಲಿಯುತ್ತದೆ.

ಹಾಗಾದರೆ ಬಿಡಿಸುವ ಬಗೆ ಯಾವುದು? ಶಾಲೆಯ ಪ್ರಯೋಗಶಾಲೆಗಳಲ್ಲಿ ಸೀಸೆಯ ಗಾಜಿನ ಬಿರಡೆ ಕಚ್ಚಿಕೊಂಡರೆ ಅದನ್ನು ಮೇಲಕ್ಕೆ ಎಳೆದು ಫಲವಿಲ್ಲ. ಕತ್ತಿನ ಬದಿಗೆ ಮೆಲ್ಲನೆ ತಟ್ಟಿದರೆ ಸಡಿಲುತ್ತದೆ. ಇಲ್ಲಿಯೂ ಉಪಾಯ ಅದೇ. ಮೊದಲು ಸ್ಪ್ಲಿಟ್ ಪಿನ್ನನ್ನು ತೆಗೆದು, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಹಾಕಿ, ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಬೇಕು. ಅನಂತರ ಪುಲ್ಲರ್ ಎಂಬ ಸಲಕರಣೆಯಿಂದ ಗೂಟದ ತುದಿಯನ್ನು ಒತ್ತಿ ಹಿಡಿದು, ತೋಳಿನ ಕಣ್ಣಿನ ಒಂದು ಬದಿಗೆ ಭಾರವಾದ ಸುತ್ತಿಗೆಯನ್ನು ಆನಿಸಿಟ್ಟು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆಯಬೇಕು. ಆ ಆಘಾತದಿಂದ ಕಣ್ಣು ಕ್ಷಣಮಾತ್ರ ತುಸು ಆಕಾರಗೆಟ್ಟು ಮರಳಿ ಸೆಟೆಯುತ್ತದೆ; ಆಗ ಗೂಟವು ಸದ್ದು ಮಾಡಿ ಕಳಚಿಕೊಳ್ಳುತ್ತದೆ. ಉಳಿಸಿದ ನಟ್ಟು ಅದನ್ನು ಸಿಡಿಯಗೊಡದೆ ತಡೆಯುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ತೊಡಗಬಾರದು.

ಮಾಡಬಾರದ ಕೆಲಸಗಳೂ ಉಂಟು. ಗೂಟದ ತುದಿಗೆ ನೇರವಾಗಿ ಹೊಡೆದರೆ ಮರೆಯು ಚಪ್ಪಟೆಯಾಗಿ ನಟ್ಟೇ ಬಾರದಂತಾಗುತ್ತದೆ. ಕವಲುಬೆಣೆಯನ್ನು ನಡುವೆ ತೂರಿಸಿ ಹೊಡೆಯುವುದು ಶೀಘ್ರವಾದ ಮಾರ್ಗವೇನೋ ಹೌದು; ಆದರೆ ಅದು ರಬ್ಬರಿನ ಬೂಟನ್ನು ಹರಿದುಬಿಡುವುದರಿಂದ, ಎಸೆಯಲಿರುವ ಸಂಧಿಗೆ ಮಾತ್ರ ಯೋಗ್ಯ. ಗ್ಯಾಸಿನ ಉರಿ ಹಿಡಿಯುವುದು ಎಲ್ಲಕ್ಕಿಂತ ಕೆಟ್ಟದು: ಹದಗೊಳಿಸಿದ ಉಕ್ಕು ಮೆತ್ತಗಾಗುತ್ತದೆ, ಮುಚ್ಚಿದ ಬಟ್ಟಲಿನ ಗ್ರೀಸು ಕಾದು ಸಿಡಿಯಲೂಬಹುದು.

ಸ್ಟಿಯರಿಂಗಿನ ಸಂಧಿ ಬಿಟ್ಟರೆ ಸರಳು ಜೋಲುತ್ತದೆ, ಅಷ್ಟೆ. ಗಾಡಿಯ ಭಾರವನ್ನು ಹೊರುವ ಸಂಧಿಗಳ ವಿಷಯ ಬೇರೆ. ಪದ್ಮಿನಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗು, ಅಂಬಾಸಿಡರಿನಲ್ಲಿ ತಿರುಚಿಕೊಂಡು ನಿಂತ ಉಕ್ಕಿನ ಸರಳು ಈ ಭಾರವನ್ನು ತಾಳುತ್ತವೆ. ಅವುಗಳಲ್ಲಿ ಅಡಗಿರುವ ಬಲವು ಬಂಧನ ಕಳಚಿದೊಡನೆ ತೋಳನ್ನು ಕೆಳಕ್ಕೆ ಬಡಿಯುವುದು. ಅಡ್ಡ ಬಂದ ಕೈ ಉಳಿಯದು. ಆದುದರಿಂದ ಗಾಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೆಳತೋಳಿಗೆ ಪ್ರತ್ಯೇಕವಾಗಿ ಜಾಕನ್ನು ಕೊಟ್ಟು, ಸಂಧಿ ಬಿಟ್ಟ ಮೇಲೆ ಮೆಲ್ಲನೆ ಇಳಿಸತಕ್ಕದ್ದು. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಯಾರೂ ನುಸುಳಕೂಡದು.

ಬಿಡಿಸುವುದಕ್ಕಿಂತ ಕೂಡಿಸುವುದರಲ್ಲಿ ಹೆಚ್ಚಿನ ಶ್ರದ್ಧೆ ಬೇಕು. ಗೂಟವನ್ನೂ ಕಣ್ಣನ್ನೂ ಒರೆಸಿ, ಗ್ರೀಸು ಹಚ್ಚದೆ ಒಣಗಿದಂತೆಯೇ ಕೂಡಿಸಬೇಕು. ಕಣ್ಣು ಸವೆದು ಗೂಟ ಅಲುಗುವಂತಿದ್ದರೆ ತೋಳನ್ನೇ ಬದಲಾಯಿಸಬೇಕು. ನಟ್ಟಿನ ಸೀಳು ಗೂಟದ ರಂಧ್ರಕ್ಕೆ ಸರಿಹೊಂದದಿದ್ದರೆ ತುಸು ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಸೇರಿಸುವ ಅಭ್ಯಾಸವನ್ನಂತೂ ಒಪ್ಪಲೇಬಾರದು. ಒಮ್ಮೆ ಬಾಗಿದ ತಂತಿ ಮರಳಿ ಬಾಗಿದಲ್ಲಿ ಮುರಿಯುತ್ತದೆ. ಕೊನೆಗೆ ಮುಂಗಾಲಿಗಳ ನೇರವನ್ನು ಅಳೆಯಿಸಬೇಕು.

ಗಾಡಿಯನ್ನು ಮನೆಗೆ ತರುವ ಮುನ್ನ ಯಜಮಾನನು ಮಿಸ್ತ್ರಿಯನ್ನು ಎರಡು ವಿಷಯ ಕೇಳಲಿ: ತೆಗೆದ ಹಳೆಯ ಸಂಧಿ ಎಲ್ಲಿ, ಹೊಸ ಪಿನ್ನು ಎಲ್ಲಿ? ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರಿಸನು, ಸಂತೋಷದಿಂದಲೇ ತೋರಿಸುವನು. ಈ ಪಿನ್ನಿನ ಬೆಲೆ ಅತ್ಯಲ್ಪ. ಆದರೆ ಅದಿಲ್ಲದೆ ನಟ್ಟು ಕಳಚಿ, ಸಂಧಿ ಬಿಟ್ಟ ದಿನ ಸ್ಟಿಯರಿಂಗ್ ಚಕ್ರವು ಕೈಯಲ್ಲಿ ತಿರುಗುತ್ತಲೇ ಇರುವುದು, ಗಾಲಿಯು ಮಾತ್ರ ಕೇಳದು; ಹಿಂದಿನ ಆಸನದಲ್ಲಿ ಮಕ್ಕಳು ಕುಳಿತಿರುವರು.