ಬೆನ್ನುಮೂಳೆ ವಿಭಾಗಕ್ಕೊಂದು ಪ್ರಮಾಣಪತ್ರ

ಅಮೆರಿಕದಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ದೊಡ್ಡ ಬೋಧನಾ ಆಸ್ಪತ್ರೆಗಳ ಸ್ವತ್ತಾಗಿ ಉಳಿದಿಲ್ಲ. ಊರೂರಿನ ಕಮ್ಯೂನಿಟಿ ಆಸ್ಪತ್ರೆಗಳಲ್ಲೂ ಜಾರಿದ ಡಿಸ್ಕ್ ತೆಗೆಯುವುದು, ಕಶೇರುಗಳನ್ನು ಬೆಸೆಯುವುದು ನಡೆಯುತ್ತದೆ. ಇಂಥ ವಿಭಾಗಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವವರಲ್ಲಿ ಪ್ರಮುಖ ಸಂಸ್ಥೆ, 1951ರಲ್ಲಿ ಹುಟ್ಟಿದ ಜಾಯಿಂಟ್ ಕಮಿಷನ್. ಮೂಳೆ ಶಸ್ತ್ರಚಿಕಿತ್ಸಕರ ಅಮೆರಿಕನ್ ಅಕಾಡೆಮಿಯ ಜೊತೆಗೂಡಿ ಬೆನ್ನುಮೂಳೆಗೆಂದೇ ಮೇಲ್ದರ್ಜೆಯ ಪ್ರಮಾಣಪತ್ರವನ್ನು ಅದು 2021ರಲ್ಲಿ ಆರಂಭಿಸಿತು.

ಆಸ್ಪತ್ರೆಗಳನ್ನು ಒರೆಗೆ ಹಚ್ಚುವ ಪರಿಪಾಠ ಜಾಯಿಂಟ್ ಕಮಿಷನ್‌ಗಿಂತಲೂ ಹಳೆಯದು. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ 1918ರಲ್ಲಿ ಪರೀಕ್ಷಿಸಿದ 692 ಆಸ್ಪತ್ರೆಗಳಲ್ಲಿ ಕನಿಷ್ಠ ಮಟ್ಟ ಮುಟ್ಟಿದ್ದು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೂ ಸೋತಿದ್ದ ಆ ಪಟ್ಟಿಯನ್ನು ಪತ್ರಿಕೆಯವರ ಕೈಸೇರದಂತೆ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟುಹಾಕಲಾಯಿತು!

ಬೆನ್ನುಮೂಳೆಯ ಪ್ರಮಾಣಪತ್ರ ಪಡೆಯಹೊರಟ ಸಣ್ಣ ಆಸ್ಪತ್ರೆಗೆ ಕಷ್ಟವಾಗುವುದು ಯಂತ್ರ ಕೊಳ್ಳುವುದಲ್ಲ, ವೈದ್ಯರನ್ನು ಒಂದು ಕ್ರಮಕ್ಕೆ ಒಪ್ಪಿಸುವುದು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯನ್ನು ಮೂಳೆ ವೈದ್ಯರೂ ಮಾಡುತ್ತಾರೆ, ನರಶಸ್ತ್ರಚಿಕಿತ್ಸಕರೂ ಮಾಡುತ್ತಾರೆ. ಒಬ್ಬೊಬ್ಬರದು ಒಂದೊಂದು ರೂಢಿ. ಒಂದೇ ಬಗೆಯ ರೋಗಿಗೆ ಒಂದೇ ಬಗೆಯ ಆರೈಕೆ ಸಿಗಬೇಕೆಂದರೆ ಲಿಖಿತ ವಿಧಾನ ಬೇಕು, ಅದನ್ನು ಬೆನ್ನುಹತ್ತಿ ನೋಡಿಕೊಳ್ಳಲು ಅನುಭವಿ ನರ್ಸ್ ಸಂಯೋಜಕಿ ಬೇಕು.

ಕೆಲಸ ಶುರುವಾಗುವುದು ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ. ನಿಕೋಟಿನ್ ಇದ್ದರೆ ಮೂಳೆ ಬೆಸೆದುಕೊಳ್ಳುವುದು ಕಷ್ಟ, ಹಾಗಾಗಿ ಸಿಗರೇಟು ಬಿಡಿಸಬೇಕು. ಸೋಂಕಿನ ಭಯದಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಚರ್ಮ ಕೊಯ್ಯುವ ಮುನ್ನಿನ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಯಾವ ಕಶೇರುವೆಂದು ಎಕ್ಸ್‌ರೇ ನೋಡಿ ಖಾತ್ರಿಪಡಿಸಿಕೊಳ್ಳಬೇಕು. ಸಾಧ್ಯವಾದರೆ ಅಂದೇ ರೋಗಿಯನ್ನು ನಡೆಸುತ್ತಾರೆ. ರಾತ್ರಿ ಪಾಳಿಯ ನರ್ಸ್‌ಗೆ ಕೊಡುವ ತರಬೇತಿಯ ಮೇಲೆ ಬಹಳಷ್ಟು ನಿಂತಿದೆ: ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿ ಮೂತ್ರ ಕಟ್ಟಿಕೊಂಡರೆ, ಬೆಳಗಿನವರೆಗೆ ಕಾಯುವಂತಿಲ್ಲ.

ಪರಿಶೀಲಕರು ಬಂದಾಗ ಬರೀ ಕಡತ ನೋಡಿ ಹೋಗುವುದಿಲ್ಲ. ಒಬ್ಬ ರೋಗಿಯನ್ನು ಆರಿಸಿಕೊಂಡು, ದಾಖಲಾತಿಯಿಂದ ಬಿಡುಗಡೆಯವರೆಗೆ ಆತನ ಜಾಡು ಹಿಡಿದು ಸಿಬ್ಬಂದಿಯನ್ನು ಪ್ರಶ್ನಿಸುತ್ತಾರೆ. ಪ್ರಮಾಣಪತ್ರದ ಅವಧಿ ಎರಡು ವರ್ಷ. ನಡುವೆಯೂ ಅಂಕಿಅಂಶ ತೋರಿಸಬೇಕಾಗುತ್ತದೆ.

ಇಷ್ಟಾದರೂ ಶಸ್ತ್ರಚಿಕಿತ್ಸೆ ಬೇಕಿತ್ತೇ ಎಂಬ ಪ್ರಶ್ನೆಗೆ ಪ್ರಮಾಣಪತ್ರವೊಂದೇ ಉತ್ತರವಾಗದು. ರೋಗಿಯ ಅನುಭವವನ್ನೇ ಅಳೆಯುವ ರೂಢಿ ಬಂದಿರುವುದು ಅದಕ್ಕಾಗಿ. 1980ರಲ್ಲಿ ಪ್ರಕಟವಾದ ಆಸ್ವೆಸ್ಟ್ರಿ ಪ್ರಶ್ನಾವಳಿ ನೋವು, ನಡಿಗೆ, ನಿದ್ದೆ, ಭಾರ ಎತ್ತುವುದು ಮುಂತಾದ ಹತ್ತು ವಿಷಯ ಕೇಳಿ 0ಯಿಂದ 100ರೊಳಗೆ ಅಂಕ ಕೊಡುತ್ತದೆ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ತಿಂಗಳುಗಳ ಬಳಿಕ ಅದನ್ನು ತುಂಬಿಸಿ ಹೋಲಿಸುತ್ತಾರೆ.